ಹೊರದೇಶದಲ್ಲಿ ಯಾರೂ ಕೇಳಲ್ಲವಂತೆ, ನಿಜವಾ ಡಾಕ್ಟ್ರೇ?

ಪ್ರಶ್ನೆ: ನನ್ನ ಮಗನಿಗೆ 28 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಆರು ವರ್ಷದ ಹಿಂದೆ, ಕಾಲೇಜಿನ ಕೊನೆಯ ವರ್ಷದಲ್ಲಿ, ಎಂಟು-ಹತ್ತು ದಿನ ನಿದ್ದೆಯೇ ಮಾಡಲಿಲ್ಲ. ಗೆಳೆಯರ ಹತ್ತಿರ ಸಾಲ ಎತ್ತಿ ಎರಡು ಬೈಕ್ ಬುಕ್ ಮಾಡಿದ. ಆಸ್ಪತ್ರೆಗೆ ಸೇರಿಸಿದೆವು, ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಹೊಯ್ದಾಡುವ ಕಾಯಿಲೆ) ಅಂದರು. ಲಿಥಿಯಂ ಮಾತ್ರೆ ಶುರುವಾಯಿತು. ಎರಡು ವರ್ಷದ ನಂತರ ತಾನೇ ಮಾತ್ರೆ ಬಿಟ್ಟು ಮತ್ತೊಮ್ಮೆ ಹಾಗೇ ಆಯಿತು. ಆಮೇಲೆ ನಾಲ್ಕು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ, ಚೆನ್ನಾಗಿದ್ದಾನೆ. ಈಗ ಕಂಪನಿಯವರು ಮ್ಯೂನಿಕ್‌ಗೆ ಕಳಿಸುತ್ತೇವೆ ಅನ್ನುತ್ತಿದ್ದಾರೆ. ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮ, "ಹೊರದೇಶದಲ್ಲಿ ಇದನ್ನೆಲ್ಲ ಯಾರೂ ಕೇಳಲ್ಲ ಅಕ್ಕ, ಸುಮ್ನೆ ಕಳಿಸು" ಅನ್ನುತ್ತಾನೆ. ನನ್ನ ಅಕ್ಕ ಮಾತ್ರ, "ವೀಸಾ ಫಾರಂನಲ್ಲಿ ಏನೂ ಬರೀಬೇಡಿ, ಮಾತ್ರೆಗಳನ್ನ ಸ್ಟ್ರಿಪ್‌ನಿಂದ ಬಿಡಿಸಿ ವಿಟಮಿನ್ ಡಬ್ಬಿಗೆ ಹಾಕಿ ಕಳಿಸು" ಅನ್ನುತ್ತಾಳೆ. ನಮ್ಮೂರಲ್ಲಿ ವಿಷಯ ಗೊತ್ತಾಗಿ ಒಂದು ಸಂಬಂಧ ಕೈತಪ್ಪಿದೆ. ಅಲ್ಲಿಗೆ ಹೋದರೆ ಈ ಮಾತುಗಳಿಂದ ಬಿಡುಗಡೆ ಸಿಗುತ್ತದಾ? ಇಲ್ಲ, ಅಲ್ಲಿ ಗೊತ್ತಾಗಿ ವಾಪಸ್ ಕಳಿಸಿಬಿಡುತ್ತಾರಾ?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಮೊದಲು ಆ ವಿಟಮಿನ್ ಡಬ್ಬಿಯ ವಿಷಯ. ಉಳಿದದ್ದನ್ನು ಆಮೇಲೆ ಮಾತಾಡೋಣ. ಇದೊಂದನ್ನು ಮಾತ್ರ ದಯವಿಟ್ಟು ಮಾಡಬೇಡಿ.

ಲಿಥಿಯಂ ಒಳ್ಳೆಯ ಮಾತ್ರೆ, ಆದರೆ ಸ್ವಲ್ಪ ಮುಂಗೋಪಿ. ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ 0.6ರಿಂದ 1.0ರೊಳಗೆ ಇರಬೇಕು. 1.5 ದಾಟಿದರೆ ಅದೇ ಮಾತ್ರೆ ವಿಷವಾಗತೊಡಗುತ್ತದೆ. ವಾಂತಿ-ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದರೂ ಸಾಕು, ಮೈಕೈ ನೋವಿಗೆ ಅಂತ ಐಬುಪ್ರೊಫೆನ್ ನುಂಗಿದರೂ ಸಾಕು, ಮಟ್ಟ ಏರಿಬಿಡಬಹುದು. ಕೈ ನಡುಗುತ್ತದೆ, ಮಾತು ತೊದಲುತ್ತದೆ. ಅಂಥ ಹೊತ್ತಿನಲ್ಲಿ ರೂಮ್‌ಮೇಟ್ ಯಾರೋ ಅವನನ್ನು ಎಮರ್ಜೆನ್ಸಿಗೆ ಕರೆದುಕೊಂಡು ಹೋದ ಅಂತಿಟ್ಟುಕೊಳ್ಳಿ. ಅಲ್ಲಿನ ಡಾಕ್ಟರು ಮೊದಲು ಕೇಳುವುದು, ಇವನು ಯಾವ ಮಾತ್ರೆ ತಗೋತಾನೆ ಅಂತ. ಬ್ಯಾಗಿನಲ್ಲಿ ಸಿಗುವುದು ಬಿ-ಕಾಂಪ್ಲೆಕ್ಸ್ ಅಂತ ಬರೆದ ಡಬ್ಬಿ.

ಹೀಗೆ ಮಾತ್ರೆ ಬಿಡಿಸಿಕೊಂಡು ಹೋದ ಹುಡುಗನೊಬ್ಬ ನನ್ನಲ್ಲೇ ತೋರಿಸಿಕೊಳ್ಳುತ್ತಿದ್ದ. ಏರ್‌ಪೋರ್ಟ್‌ನಲ್ಲಿ ಯಾರಾದರೂ ನೋಡಿಯಾರು ಅಂತ ನಾನು ಬರೆದುಕೊಟ್ಟ ಚೀಟಿಯನ್ನೂ ಮನೆಯಲ್ಲೇ ಬಿಟ್ಟಿದ್ದ. ಎರಡು ತಿಂಗಳಿಗೆ ಮಾತ್ರೆ ಮುಗಿಯಿತು. ಅಲ್ಲಿನ ಡಾಕ್ಟರ ಹತ್ತಿರ ಹೋದರೆ ಕಾಯಿಲೆಯ ಹೆಸರು ಹೇಳಬೇಕಲ್ಲ ಅಂತ ಹೋಗಲೇ ಇಲ್ಲ. ಮೂರನೇ ತಿಂಗಳು ನಿದ್ದೆ ಕೈಕೊಟ್ಟಿತು. ಕೊನೆಗೆ ಅಣ್ಣ ವಿಮಾನ ಹತ್ತಿ ಹೋಗಿ ಕರೆದುಕೊಂಡು ಬರಬೇಕಾಯಿತು. ಅವನನ್ನು ಯಾವ ಅಧಿಕಾರಿಯೂ ವಾಪಸ್ ಕಳಿಸಿರಲಿಲ್ಲ.

ಈಗ ನಿಮ್ಮ ಪ್ರಶ್ನೆ. ಅದರೊಳಗೆ ಎರಡು ಭಯ ಸೇರಿಕೊಂಡಿವೆ. ಜನ ಏನಂತಾರೆ ಅನ್ನುವುದು ಒಂದು. ಫಾರಂ ಏನು ಕೇಳುತ್ತದೆ ಅನ್ನುವುದು ಇನ್ನೊಂದು. ನಿಮ್ಮ ತಮ್ಮ ಜನರ ಬಗ್ಗೆ ಧೈರ್ಯ ಹೇಳುತ್ತಿದ್ದಾರೆ, ನಿಮ್ಮ ಅಕ್ಕ ಫಾರಂ ಬಗ್ಗೆ ಹೆದರಿಸುತ್ತಿದ್ದಾರೆ. ಇಬ್ಬರೂ ಅರ್ಧ ಸರಿ, ಅರ್ಧ ತಪ್ಪು.

ತಮ್ಮನವರ ಮಾತಿನಿಂದ ಶುರು ಮಾಡುತ್ತೇನೆ. "ಹೊರದೇಶ" ಅಂತ ಒಂದೇ ದೇಶ ಇಲ್ಲ. ಅವರಿರುವ ಅಮೆರಿಕದ ಒಂದು ಹಳೆಯ ಸಂಗತಿ ನೋಡಿ. 1972ರಲ್ಲಿ ಡೆಮಾಕ್ರಟಿಕ್ ಪಕ್ಷದವರು ಸೆನೆಟರ್ ಥಾಮಸ್ ಈಗಲ್ಟನ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಅಭ್ಯರ್ಥಿ ಮಾಡಿದರು. ಹಿಂದೆ ಅವರು ಖಿನ್ನತೆಗೆ ಆಸ್ಪತ್ರೆ ಸೇರಿ ಕರೆಂಟ್ ಚಿಕಿತ್ಸೆ ತೆಗೆದುಕೊಂಡಿದ್ದ ವಿಷಯ ಹೊರಗೆ ಬಂತು. ಅಭ್ಯರ್ಥಿಯಾದ 18ನೇ ದಿನ ಕಣದಿಂದ ಹಿಂದೆ ಸರಿಯಬೇಕಾಯಿತು. ತಮಾಷೆ ಏನೆಂದರೆ, ಅವರನ್ನು ಹತ್ತಿರದಿಂದ ಬಲ್ಲ ಮಿಸೌರಿ ರಾಜ್ಯದ ಜನ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೂ ಅವರನ್ನೇ ಗೆಲ್ಲಿಸಿ ಕಳಿಸಿದರು. 1987ರವರೆಗೆ ಅವರು ಸೆನೆಟರ್ ಆಗಿಯೇ ಇದ್ದರು.

ಅದರ ಪಕ್ಕಕ್ಕೆ ನಾರ್ವೆಯನ್ನಿಡಿ. 1998ರಲ್ಲಿ ಅಲ್ಲಿನ ಪ್ರಧಾನಿ ಶೆಲ್ ಮಾಗ್ನೆ ಬುಂಡೆವಿಕ್ ಖಿನ್ನತೆಗೆ ರಜೆ ಹಾಕಿದರು. ಜ್ವರ, ಬೆನ್ನುನೋವು ಅಂತ ನೆಪ ಹೇಳಲಿಲ್ಲ, ಕಾಯಿಲೆಯ ಹೆಸರನ್ನೇ ಹೇಳಿದರು. ಮೂರು ವಾರಕ್ಕೂ ಹೆಚ್ಚು ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಬಂದರು. ನಡುವೆ ಅಧಿಕಾರ ಹೋದರೂ 2001ರಲ್ಲಿ ಮತ್ತೆ ಪ್ರಧಾನಿಯಾದರು.

ಬ್ರಿಟನ್ನಿನಲ್ಲಿ 2013ರವರೆಗೂ ಒಂದು ಕಾನೂನಿತ್ತು. ಸಂಸದರೊಬ್ಬರನ್ನು ಮಾನಸಿಕ ಕಾಯಿಲೆಗೆ ಆರು ತಿಂಗಳು ಆಸ್ಪತ್ರೆಯಲ್ಲಿ ಬಲವಂತವಾಗಿ ಇರಿಸಿದರೆ ಅವರ ಸ್ಥಾನವೇ ಹೋಗುತ್ತಿತ್ತು. ಹೃದಯದ ಕಾಯಿಲೆಗೆ ಅಷ್ಟೇ ದಿನ ಮಲಗಿದ್ದರೆ ಏನೂ ಆಗುತ್ತಿರಲಿಲ್ಲ. ಆ ನಿಯಮ ತೆಗೆದುಹಾಕಿ ಹೆಚ್ಚು ವರ್ಷ ಆಗಿಲ್ಲ, ಅಲ್ವಾ?

ನಿಮ್ಮ ಮಗ ಹೋಗುತ್ತಿರುವ ಜರ್ಮನಿಯ ಕಥೆ ಇನ್ನೂ ಕಹಿ. 1933ರಲ್ಲಿ ನಾಜಿಗಳು ತಂದ ಕಾನೂನಿನಲ್ಲಿ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳುವ, ಭ್ರಮೆ ಕಾಡುವ ಕಾಯಿಲೆ) ಇರುವವರಿಗೂ, ಇಂದು ನಾವು ಬೈಪೋಲಾರ್ ಅನ್ನುವ ಕಾಯಿಲೆಯವರಿಗೂ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲು ಅವಕಾಶವಿತ್ತು. 1940-41ರಲ್ಲಿ ಆಸ್ಪತ್ರೆಗಳಿಂದ ರೋಗಿಗಳನ್ನು ಬಸ್ಸುಗಳಲ್ಲಿ ಒಯ್ದು ಗ್ಯಾಸ್ ಬಿಟ್ಟು ಕೊಂದರು. ಸುಮಾರು 70,000 ಮಂದಿ. ಪಟ್ಟಿ ಮಾಡಿದವರು ನನ್ನ ವೃತ್ತಿಯವರೇ, ಸೈಕಿಯಾಟ್ರಿಸ್ಟರು. ಬರ್ಲಿನ್ನಿನಲ್ಲಿ ಈ ಕೊಲೆಗಳನ್ನು ಯೋಜಿಸಿದ ಕಚೇರಿ ಇದ್ದ ಜಾಗದಲ್ಲಿ 2014ರಲ್ಲಿ ಸ್ಮಾರಕ ಆಯಿತು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಇಂದಿನ ಜರ್ಮನಿ ಅದಲ್ಲ. ಆದರೆ "ಮುಂದುವರಿದ ದೇಶ" ಅಂದಕೂಡಲೇ ಈ ವಿಷಯದಲ್ಲೂ ಮುಂದು ಅಂತ ನಾವು ಅಂದುಕೊಳ್ಳುತ್ತೇವಲ್ಲ, ಅದಕ್ಕೆ ಹೇಳಿದೆ. ಇವತ್ತಿಗೂ ಅಲ್ಲಿ ಖಾಯಂ ಸರ್ಕಾರಿ ನೌಕರಿಗೆ ಕಾಯುವ ಕೆಲವು ಯುವ ಶಿಕ್ಷಕರು ಥೆರಪಿಗೆ ಹೋಗಲು ಹಿಂಜರಿಯುತ್ತಾರೆ. ನೇಮಕಾತಿಯ ವೈದ್ಯಕೀಯ ತಪಾಸಣೆಯಲ್ಲಿ ಅಡ್ಡ ಬರುತ್ತದೇನೋ ಅನ್ನುವ ಅಳುಕು. ನಿಮ್ಮ ಅಕ್ಕನ ಅಳುಕೇ ಅದು, ಭಾಷೆ ಬೇರೆ ಅಷ್ಟೇ.

ಸ್ಕಿಜೋಫ್ರೇನಿಯಾ ಇರುವ 732 ಜನರನ್ನು 27 ದೇಶಗಳಲ್ಲಿ ಮಾತಾಡಿಸಿದ ಒಂದು ಅಧ್ಯಯನ 2009ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನಿಮ್ಮ ಮಗನ ಕಾಯಿಲೆ ಅದಲ್ಲ, ಆದರೂ ಅದರಲ್ಲಿ ಕಲಿಯುವುದಿದೆ. 43% ಜನ ಮನೆಯವರಿಂದಲೇ ತಾರತಮ್ಯ ಕಂಡಿದ್ದರು. ಕೆಲಸ ಹುಡುಕುವಾಗ ಕಂಡವರು 29%. ನನಗೆ ಮರೆಯಲಾಗದ್ದು ಬೇರೆ ಎರಡು ಅಂಕಿಗಳು. 72% ಜನ ಕಾಯಿಲೆಯನ್ನು ಬಚ್ಚಿಡಲೇಬೇಕು ಅಂದುಕೊಂಡಿದ್ದರು. 64% ಜನ, ಹೇಗೂ ಬೇಡ ಅಂತಾರೆ ಅಂತ, ಕೆಲಸಕ್ಕೋ ಓದಿಗೋ ಅರ್ಜಿ ಹಾಕುವುದನ್ನೇ ಕೈಬಿಟ್ಟಿದ್ದರು. ಕೆಲವರಿಗಂತೂ ಹಿಂದೆ ಒಮ್ಮೆಯೂ ಹಾಗಾಗಿರಲಿಲ್ಲ. ಬಾಗಿಲು ಹಾಕಿತ್ತೋ ಇಲ್ಲವೋ, ಇವರು ತಟ್ಟಿ ನೋಡಲಿಲ್ಲ.

ಹಾಗಾದರೆ ನಮ್ಮೂರೇ ವಾಸಿ ಅನ್ನೋಣವೇ? ಅದನ್ನೂ ಹೇಳಲಾರೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿತ್ತು. ಅಲ್ಲಿನ ದರ್ಗಾಕ್ಕೆ ವಾಸಿಯಾಗಲೆಂದು ತಂದುಬಿಟ್ಟವರನ್ನು ಗುಡಿಸಲಲ್ಲಿ ಸರಪಳಿ ಹಾಕಿ ಕಟ್ಟಿದ್ದರು. ಓಡಲಾಗದೆ 28 ಜನ ಸುಟ್ಟುಹೋದರು. ಇನ್ನು ನಮ್ಮ ದಿನನಿತ್ಯದ ಮಾತು ಕೇಳಿ. ಗೆಳೆಯನೊಬ್ಬ ಏನಾದರೂ ಎಡವಟ್ಟು ಮಾಡಿದರೆ "ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು" ಅಂತ ನಗುತ್ತೇವೆ. ದೇಶಕ್ಕೇ ಹೆಸರಾದ ಆಸ್ಪತ್ರೆಯ ಹೆಸರು ನಮ್ಮ ಬಾಯಲ್ಲಿ ಬೈಗುಳ. ನನ್ನ ರೋಗಿಗಳಲ್ಲಿ ಕೆಲವರು ಅಲ್ಲಿಗೆ ಹೋಗುವಾಗ ಆಟೋದವರಿಗೆ ಡೈರಿ ಸರ್ಕಲ್ ಅಂತ ಹೇಳಿ ಅಲ್ಲಿಂದ ನಡೆದುಕೊಂಡು ಹೋಗುತ್ತಾರೆ.

ಹೆಸರಿನ ವಿಷಯ ಬಂದಾಗ ನನಗೆ ಜಪಾನ್ ನೆನಪಾಗುತ್ತದೆ. ಸ್ಕಿಜೋಫ್ರೇನಿಯಾಕ್ಕೆ ಅಲ್ಲಿದ್ದ ಹಳೆಯ ಹೆಸರಿನ ಅರ್ಥ "ಮನಸ್ಸು ಸೀಳಿಹೋದ ಕಾಯಿಲೆ". ಹೆಸರು ಕೇಳಿಯೇ ಮನೆಯವರು ಕುಸಿಯುತ್ತಿದ್ದರು, ಬಹಳಷ್ಟು ಡಾಕ್ಟರುಗಳು ರೋಗಿಗೆ ಹೇಳುತ್ತಲೇ ಇರಲಿಲ್ಲ. ರೋಗಿಗಳ ಕುಟುಂಬದವರ ಸಂಘವೇ ಪಟ್ಟು ಹಿಡಿದು 2002ರಲ್ಲಿ ಹೆಸರು ಬದಲಾಯಿತು. ಹೊಸ ಹೆಸರಿನ ಅರ್ಥ ಹೆಚ್ಚುಕಡಿಮೆ "ಹೊಂದಾಣಿಕೆ ತಪ್ಪಿದ ಸ್ಥಿತಿ". ಎರಡೇ ವರ್ಷದಲ್ಲಿ, ಕಾಯಿಲೆಯ ಹೆಸರನ್ನು ಡಾಕ್ಟರಿಂದ ಕೇಳಿ ತಿಳಿದ ರೋಗಿಗಳ ಪ್ರಮಾಣ ಸುಮಾರು 37%ರಿಂದ 70%ಕ್ಕೆ ಏರಿತು. ಅದೇ ಜಪಾನ್‌ನಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಮಾನಸಿಕ ಆಸ್ಪತ್ರೆಯ ಹಾಸಿಗೆಗಳು ಇವತ್ತಿಗೂ ಶ್ರೀಮಂತ ದೇಶಗಳಲ್ಲೇ ಜಾಸ್ತಿ. ಒಂದೇ ದೇಶದೊಳಗೆ ಎರಡೂ ಇರುತ್ತವೆ.

ಈ ಭಯ ಎಲ್ಲಿಂದ ಬರುತ್ತದೆ? ಜನರಿಗೆ ತಿಳಿವಳಿಕೆ ಇಲ್ಲ, ತಿಳಿಸಿದರೆ ಸರಿಹೋಗುತ್ತದೆ ಅಂತ ನಾನೂ ಹೊಸದರಲ್ಲಿ ನಂಬಿದ್ದೆ. ಮನೆಮನೆಯವರಿಗೂ "ಇದು ಮೆದುಳಿನ ರಾಸಾಯನಿಕದ ಏರುಪೇರು, ಸಕ್ಕರೆ ಕಾಯಿಲೆ ಇದ್ದಂಗೆ" ಅಂತ ವಿವರಿಸುತ್ತಿದ್ದೆ. ಅಮೆರಿಕದಲ್ಲಿ 1996ರಲ್ಲೂ 2006ರಲ್ಲೂ ಒಂದೇ ಪ್ರಶ್ನೆಗಳನ್ನು ಕೇಳಿ ನೋಡಿದರು. ಇದು ಮೆದುಳಿನ ಕಾಯಿಲೆ ಅಂತ ಒಪ್ಪುವವರು ಹೆಚ್ಚಾಗಿದ್ದರು. ಆದರೆ ಪಕ್ಕದ ಮನೆಗೆ ಬಂದರೆ ಒಪ್ಪುತ್ತೀರಾ, ಜೊತೆಯಲ್ಲಿ ಕೆಲಸ ಮಾಡುತ್ತೀರಾ ಅಂದರೆ ಹಿಂಜರಿಕೆ ಕಡಿಮೆಯಾಗಿರಲಿಲ್ಲ. ನಮ್ಮಲ್ಲೂ ಹಾಗೇ. "ಮೆದುಳಿನದು" ಅಂದರೆ "ಹಂಗಾದ್ರೆ ವಂಶದಲ್ಲೇ ಇದೆ" ಅಂತ ಅರ್ಥ ಮಾಡಿಕೊಳ್ಳುತ್ತಾರೆ. ನಿಮಗೆ ತಪ್ಪಿದ ಆ ಸಂಬಂಧದವರೂ ಹಾಗೇ ಯೋಚಿಸಿರಬಹುದು.

ಈ ಭಯ ಕಳೆಯಲು ನಿಜಕ್ಕೂ ಕೆಲಸಕ್ಕೆ ಬರುವುದು ಒಡನಾಟ. ಬೆಲ್ಜಿಯಂನ ಹೇಲ್ ಎಂಬ ಪಟ್ಟಣದಲ್ಲಿ ನೂರಾರು ವರ್ಷಗಳಿಂದ ಮಾನಸಿಕ ಕಾಯಿಲೆ ಇರುವವರನ್ನು ಮನೆಗಳಲ್ಲಿ ಇಟ್ಟುಕೊಳ್ಳುವ ಪದ್ಧತಿ ಇದೆ. ಮೊದಲು ಸಂತ ಡಿಂಫ್ನಾಳ ಚರ್ಚಿಗೆ ಹರಕೆಗೆ ಬಂದವರು, ಜಾಗ ಸಾಲದೆ ಊರವರ ಮನೆಗಳಲ್ಲಿ ಉಳಿದರು. 1930ರ ದಶಕದ ಕೊನೆಗೆ ಅಂಥವರು ಸುಮಾರು 3,800 ಜನ ಇದ್ದರು. ಈಗ ಬಹಳ ಕಡಿಮೆ. ಅವರನ್ನು ರೋಗಿ ಅನ್ನುವುದಿಲ್ಲ, ಮನೆಯಲ್ಲಿ ಉಂಡು ಉಳಿಯುವವರು ಅನ್ನುತ್ತಾರೆ. ಅದೇ ಟೇಬಲ್ಲು, ಅದೇ ಊಟ, ಹೊಲದಲ್ಲಿ ಆದಷ್ಟು ಕೆಲಸ. ಹಾಗೆ ಜೊತೆಯಲ್ಲಿ ಬೆಳೆದ ಮಕ್ಕಳಿಗೆ ಅವರು ಸುದ್ದಿಯೇ ಅಲ್ಲ.

ಮ್ಯೂನಿಕ್‌ನಲ್ಲಿ ನಿಮ್ಮ ಮಗನಿಗೆ ಇರುವ ನಿಜವಾದ ಅಪಾಯವೂ ಇಲ್ಲೇ ಇದೆ. ಯಾರೂ ಕೇಳಲ್ಲ ಅನ್ನುವುದು ನಿಜ. "ಊಟ ಆಯ್ತಾ" ಅಂತಲೂ ಯಾರೂ ಕೇಳಲ್ಲ. ಹಾಸನದಲ್ಲಿ ಮೂರು ರಾತ್ರಿ ಲೈಟ್ ಉರಿಯುತ್ತಿದ್ದರೆ ಪಕ್ಕದ ಮನೆಯವರು ನಿಮಗೆ ಹೇಳುತ್ತಾರೆ, ಆಮೇಲೆ ಊರಿಗೆಲ್ಲ ಹೇಳುತ್ತಾರೆ. ಅಲ್ಲಿ ಊರಿಗೆ ಹೇಳುವವರಿಲ್ಲ, ನಿಮಗೆ ಹೇಳುವವರೂ ಇಲ್ಲ. ವಿಮಾನದಲ್ಲಿ ಕಳೆದ ನಿದ್ದೆ, ಚಳಿಗಾಲದಲ್ಲಿ ನಾಲ್ಕೂವರೆಗೇ ಕತ್ತಲು, ಹೊಸ ಕೆಲಸದ ಒತ್ತಡ, ಒಂಟಿ ರೂಮು. ಬೈಪೋಲಾರ್ ಇರುವವರಿಗೆ ನಿದ್ದೆಗೆಡುವುದೇ ಬೆಂಕಿಕಡ್ಡಿ. ಮೊದಲ ಆರು ತಿಂಗಳ ಬಗ್ಗೆ ನನಗೆ ವೀಸಾಕ್ಕಿಂತ ಹೆಚ್ಚಿನ ಯೋಚನೆ.

ಇನ್ನು ಅಕ್ಕನವರ ಫಾರಂ. ಇದರಲ್ಲಿ ದೇಶದಿಂದ ದೇಶಕ್ಕೆ ಬಹಳ ವ್ಯತ್ಯಾಸ ಇದೆ. ಜರ್ಮನಿಯ ಕೆಲಸದ ವೀಸಾಕ್ಕೆ ಸಾಮಾನ್ಯವಾಗಿ ವೈದ್ಯಕೀಯ ತಪಾಸಣೆ ಇಲ್ಲ. ಅಮೆರಿಕದ ವೀಸಾ ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ: ನಿಮಗೋ ಇತರರಿಗೋ ಅಪಾಯ ತರುವಂಥ ದೈಹಿಕ ಅಥವಾ ಮಾನಸಿಕ ಕಾಯಿಲೆ ಇದೆಯಾ ಅಂತ. ಕಾಯಿಲೆ ಇದೆಯಾ ಅಂತಷ್ಟೇ ಕೇಳುತ್ತಿಲ್ಲ, ಅದರಿಂದ ಅಪಾಯ ಇದೆಯಾ ಅಂತ ಕೇಳುತ್ತಿದೆ. ಆಸ್ಟ್ರೇಲಿಯಾ, ಕೆನಡಾಗಳು ಅಲ್ಲಿ ನೆಲೆಸಲು ಹೊರಟವರ ಚಿಕಿತ್ಸೆಗೆ ಸರ್ಕಾರಕ್ಕೆ ಎಷ್ಟು ಖರ್ಚು ಬೀಳಬಹುದು ಅಂತ ಲೆಕ್ಕ ಹಾಕುತ್ತವೆ. ಕಾಯಿಲೆ ಹತೋಟಿಯಲ್ಲಿದ್ದು ದುಡಿಯುತ್ತಿರುವವರಿಗೆ, ಲಿಥಿಯಂನಂಥ ಅಗ್ಗದ ಮಾತ್ರೆಗೆ, ಆ ಮಿತಿ ದಾಟುವುದು ಕಷ್ಟ. ಕೊಲ್ಲಿ ದೇಶಗಳ ಕೆಲಸದ ಮೆಡಿಕಲ್ ಮಾತ್ರ ಬಿಗಿ. ಅಲ್ಲಿಗೆ ಹೊರಟಿದ್ದರೆ ನಾನು ಬೇರೆ ಉತ್ತರ ಬರೆಯುತ್ತಿದ್ದೆ. ಎಲ್ಲಿಗೆ ಹೋದರೂ, ಕೇಳದ್ದನ್ನು ಹೇಳಬೇಕಿಲ್ಲ, ಕೇಳಿದ್ದಕ್ಕೆ ಸುಳ್ಳು ಹೇಳಬಾರದು. ಕಾಯಿಲೆಯ ಕಾರಣಕ್ಕೆ ವೀಸಾ ಹೋಗುವುದಕ್ಕಿಂತ ಸುಳ್ಳಿನ ಕಾರಣಕ್ಕೆ ಹೋದರೆ ಮತ್ತೆ ಸರಿಪಡಿಸುವುದು ಕಷ್ಟ. ಪ್ರಶ್ನೆಯ ಅರ್ಥದ ಬಗ್ಗೆ ಅನುಮಾನ ಇದ್ದರೆ ವೀಸಾ ವಿಷಯ ಬಲ್ಲ ವಕೀಲರನ್ನು ಕೇಳಿ, ಏಜೆಂಟನನ್ನಲ್ಲ.

ವಿಮೆಯ ಫಾರಂ ವೀಸಾಕ್ಕಿಂತ ಮುಖ್ಯ, ಆದರೆ ಯಾರೂ ಅದರ ಬಗ್ಗೆ ಕೇಳುವುದಿಲ್ಲ. ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆ ಸಂಬಳದಾರರನ್ನು ಹಳೆಯ ಕಾಯಿಲೆ ಕೇಳದೆ ಸೇರಿಸಿಕೊಳ್ಳುತ್ತದೆ. ಖಾಸಗಿ ವಿಮೆಯವರು ಕೇಳುತ್ತಾರೆ, ಜಾಸ್ತಿ ಕಂತು ಹಾಕುತ್ತಾರೆ ಇಲ್ಲವೇ ಬೇಡ ಅನ್ನುತ್ತಾರೆ. ಮುಚ್ಚಿಟ್ಟರೆ ಮುಂದೆ ಆಸ್ಪತ್ರೆ ಬಿಲ್ಲಿನ ಹೊತ್ತಿಗೆ ಪಾಲಿಸಿ ರದ್ದಾಗಬಹುದು. ಸಂಬಳ ಜಾಸ್ತಿ ಇದ್ದವರಿಗೆ ಖಾಸಗಿಗೆ ಹೋಗುವ ಆಸೆ ತೋರಿಸುತ್ತಾರೆ. ನಿಮ್ಮ ಮಗ ಸಾರ್ವಜನಿಕ ವಿಮೆಯಲ್ಲೇ ಇರಲಿ.

ಆಫೀಸಿನಲ್ಲಿ ಹೇಳಬೇಕಾ? ಕಾಯಿಲೆ ಕೆಲಸಕ್ಕೆ ಅಡ್ಡಿ ಬರದಿದ್ದರೆ ಹೇಳಲೇಬೇಕು ಅಂತೇನಿಲ್ಲ. ಅಲ್ಲಿ ಕಾಯಿಲೆ ರಜೆಗೆ ಡಾಕ್ಟರು ಪ್ರಮಾಣಪತ್ರ ಕೊಟ್ಟಾಗ ಕಂಪನಿಗೆ ಎಷ್ಟು ದಿನ ಅನ್ನುವುದು ಗೊತ್ತಾಗುತ್ತದೆ, ಕಾಯಿಲೆಯ ಹೆಸರು ಗೊತ್ತಾಗುವುದಿಲ್ಲ. ಕೆಲಸಕ್ಕೆ ಸೇರಿ ಮೊದಲ ನಾಲ್ಕು ವಾರ ಕಳೆದ ಮೇಲೆ ಆರು ವಾರದವರೆಗೆ ಪೂರ್ತಿ ಸಂಬಳದ ರಜೆ ಇದೆ. ನಮ್ಮಲ್ಲಿ ಎಚ್‌ಆರ್‌ಗೆ ಕಳಿಸುವ ಪತ್ರದಲ್ಲಿ "ಸೈಕಿಯಾಟ್ರಿ" ಅನ್ನುವ ಸೀಲು ಕಾಣಬಾರದು ಅಂತ ಎಷ್ಟು ಜನ ನನ್ನ ಹತ್ತಿರ ಬೇಡಿಕೊಂಡಿದ್ದಾರೋ!

ಹಾಗಾಗಿ ಮೂರು ದಾರಿ. ಯಾರಿಗೂ ಹೇಳದಿರುವುದು ಸುಲಭ, ಆದರೆ ತಪ್ಪಿದ ದಿನ ಹಿಡಿಯಲು ಯಾರೂ ಇರುವುದಿಲ್ಲ. ಎಲ್ಲರಿಗೂ ಹೇಳುವುದು ಹಗುರ ಅನಿಸುತ್ತದೆ, ಆದರೆ ಒಮ್ಮೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲಾಗದು. ಮುಂದೆ ಅವನು ಸುಮ್ಮನೆ ಜೋರಾಗಿ ನಕ್ಕರೂ ಕೆಲವರು ಅನುಮಾನದಿಂದ ನೋಡಬಹುದು. ನಾನು ಸಾಮಾನ್ಯವಾಗಿ ಹೇಳುವುದು ಎರಡು-ಮೂರು ಜನರಿಗೆ ಪೂರ್ತಿ ಹೇಳಿ ಅಂತ. ಅಲ್ಲಿ ಒಬ್ಬ ಗೆಳೆಯ, ಅಲ್ಲಿನ ಡಾಕ್ಟರು, ಇಲ್ಲಿ ನೀವು. "ಎರಡು ರಾತ್ರಿ ನಾನು ಮಲಗದಿದ್ದರೆ, ಮಾತು ಜಾಸ್ತಿಯಾದರೆ, ಆನ್‌ಲೈನಿನಲ್ಲಿ ಸಿಕ್ಕಿದ್ದೆಲ್ಲ ಕೊಳ್ಳತೊಡಗಿದರೆ ಅಮ್ಮನಿಗೆ ಫೋನ್ ಮಾಡು" ಅಂತ ಗೆಳೆಯನಿಗೆ ಮೊದಲೇ ಹೇಳಿಟ್ಟಿರಬೇಕು. ಆ ಗೆಳೆಯ ಹೊರಗೆ ಬಾಯಿಬಿಡುವ ಅಪಾಯ ಇದ್ದೇ ಇದೆ. ಆರಿಸುವಾಗ ನೋಡಿ ಆರಿಸಬೇಕು.

ಹೊರಡುವ ಮೊದಲು ಲಿಥಿಯಂ, ಥೈರಾಯ್ಡ್, ಕಿಡ್ನಿ ಪರೀಕ್ಷೆ ಮಾಡಿಸಿ ರಿಪೋರ್ಟ್ ಜೊತೆಯಲ್ಲಿ ಇಟ್ಟುಕೊಳ್ಳಲಿ. ಸುಮಾರು ಮೂರು ತಿಂಗಳ ಮಾತ್ರೆ ಸ್ಟ್ರಿಪ್ ಸಮೇತ, ಡಾಕ್ಟರ ಇಂಗ್ಲಿಷ್ ಪತ್ರದ ಜೊತೆ ಕೈಚೀಲದಲ್ಲಿರಲಿ. ನಿದ್ದೆ ಮಾತ್ರೆ ಏನಾದರೂ ಇದ್ದರೆ ಅದರ ನಿಯಮ ಬೇರೆ, ಮೊದಲೇ ವಿಚಾರಿಸಿ. ಅಲ್ಲಿ ಇಳಿದ ಮೊದಲ ತಿಂಗಳಲ್ಲೇ ಒಬ್ಬ ಫ್ಯಾಮಿಲಿ ಡಾಕ್ಟರನ್ನು ಗೊತ್ತುಮಾಡಿಕೊಳ್ಳಲಿ. ಲಿಥಿಯಂ ಅಲ್ಲೂ ಸಿಗುತ್ತದೆ, ಆದರೆ ನಮ್ಮ ಚೀಟಿ ನಡೆಯದಿರಬಹುದು. ಥೆರಪಿ ಬೇಕಾದರೆ ಅಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಅದೂ ತಿಳಿದಿರಲಿ. ನಡುವೆ ನಿಮಗೆ ದಿಗಿಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ ಫೋನ್ ಮಾಡಿ, 14416. ಕನ್ನಡದಲ್ಲೇ ಮಾತಾಡುತ್ತಾರೆ.

ಮದುವೆ ಬಗ್ಗೆ ನೀವು ಕೇಳಿಲ್ಲ, ಆದರೆ ಕೈತಪ್ಪಿದ ಸಂಬಂಧದ ನೋವು ಪತ್ರದಲ್ಲಿದೆ. ಕಾನೂನಿನ ಪ್ರಕಾರ ಬೈಪೋಲಾರ್ ಇದೆ ಅಂದಮಾತ್ರಕ್ಕೆ ಮದುವೆಗೆ ಅಡ್ಡಿ ಇಲ್ಲ. ಮುಚ್ಚಿಟ್ಟು ಮಾಡಿದರೆ ಮಾತ್ರ, ಅದನ್ನೇ ಹಿಡಿದು ಕೋರ್ಟಿಗೆ ಹೋಗಬಹುದು. ತಂದೆ-ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಹತ್ತರ ಆಸುಪಾಸು. ನಿಶ್ಚಿತಾರ್ಥಕ್ಕೆ ಮೊದಲು ಹುಡುಗಿಗೆ, ಸಾಧ್ಯವಾದರೆ ಅವನೇ, ಹೇಳುವುದು ಒಳ್ಳೆಯದು. ಬೇಕಿದ್ದರೆ ಅವಳನ್ನೂ ನಿಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹಾಗೆ ಪ್ರಶ್ನೆಗಳ ಪಟ್ಟಿ ಹಿಡಿದು ಬಂದು, ಕೇಳಿ, ಆಮೇಲೆ ಒಪ್ಪಿ ಮದುವೆಯಾದವರನ್ನು ನಾನು ನೋಡಿದ್ದೇನೆ. ಬೇಡ ಅಂದು ಹೋದವರನ್ನೂ ನೋಡಿದ್ದೇನೆ.

ಕೊನೆಗೆ ಒಂದು ವಿಷಯ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ತಮ್ಮ ಮಾತಾಡಿದ್ದಾರೆ, ಅಕ್ಕ ಮಾತಾಡಿದ್ದಾರೆ, ನೀವು ಮಾತಾಡಿದ್ದೀರಿ. ಮಗ ಏನಂದ ಅನ್ನುವುದು ಎಲ್ಲೂ ಇಲ್ಲ. ನಾಲ್ಕು ವರ್ಷದಿಂದ ಒಂದು ದಿನವೂ ತಪ್ಪದೆ ಮಾತ್ರೆ ನುಂಗುತ್ತಿರುವವನು ಅವನು. ಮ್ಯೂನಿಕ್‌ಗೆ ಹೋಗಲು ಅವನಿಗೆ ಇಷ್ಟವಿದೆಯಾ, ಯಾರಿಗೆ ಹೇಳಬೇಕು ಅಂತ ಅವನಿಗನಿಸುತ್ತದೆ, ಈ ಭಾನುವಾರ ಊರಿಗೆ ಬಂದಾಗ ಕೇಳಿ. ಆಮೇಲೆ ಬೇಕಾದರೆ ಅವನೇ ನನಗೊಂದು ಪತ್ರ ಬರೆಯಲಿ.